ಖೆಡ್ಡಾ ಮುಗಿದ ಮೇಲೆ

ಕಡಲ ದಂಡೆಯ ಕೋಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಆನೆ ಅಂದರೆ ಕೊಲ್ಲೂರು ಮೂಕಾಂಬಿಕೆಯ ಇಂದಿರಾ. ಅವಳೂ 2019ರಲ್ಲಿ ಹೋದಳು. ಕಾಡಾನೆ ಏನೆಂದು ಗೊತ್ತಾದದ್ದು ನಾನು ಘಟ್ಟ ಹತ್ತಿ, ಆಲೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸಕ್ಕೆ ಸೇರಿದ ಮೇಲೆ. ಈಗ ಕೆಲಸ ಬಿಟ್ಟು ಊರು ಸೇರಿದ್ದೇನೆ. ಟಿವಿಯಲ್ಲಿ ಸಕಲೇಶಪುರದ ಆನೆ ಸುದ್ದಿ ಬಂದಾಗೆಲ್ಲ ಬಲೆ ಒಣಗಿಸುವ ನೆರೆಯವರು ಕೇಳುವುದು ಒಂದೇ ಮಾತು: "ಹ್ವಾಯ್, ಆ ಆನಿನೆಲ್ಲ ಹಿಡ್ಕಂಡ್ ಬೇರೆ ಕಾಡಿಗ್ ಬಿಟ್ರ್ ಆತಿಲ್ಯಾ?"

ಆನೆ ಹಿಡಿಯುವುದರಲ್ಲಿ ನಮ್ಮ ರಾಜ್ಯಕ್ಕಿರುವಷ್ಟು ಅನುಭವ ಇರುವವರು ಕಡಿಮೆ. ಕಾಡಾನೆ ಹಿಂಡನ್ನು ದೊಡ್ಡಿಗೆ ನುಗ್ಗಿಸಿ ಹಿಡಿಯುವ ಖೆಡ್ಡಾಕ್ಕೆ ಹೈದರಾಲಿ ಕೈಹಾಕಿ ಸೋತು, ಇನ್ನು ಯಾರಿಗೂ ಇದು ಸಾಧ್ಯವಾಗದೆಂದು ಕಲ್ಲಿನ ಮೇಲೆ ಶಾಪ ಕೆತ್ತಿಸಿದ್ದನೆಂದು ಸ್ಯಾಂಡರ್ಸನ್ ಬರೆದಿದ್ದಾನೆ. ಮೈಸೂರು ಸರ್ಕಾರದ ಕಾಲುವೆಗಳ ಉಸ್ತುವಾರಿಗೆ ಬಂದಿದ್ದ ಇದೇ ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಹತ್ತಿರ ಒಂದೇ ಬಾರಿಗೆ 50ಕ್ಕೂ ಹೆಚ್ಚು ಆನೆ ಹಿಡಿದು ಆ ಶಾಪವನ್ನು ಸುಳ್ಳು ಮಾಡಿದ. ಆಮೇಲೆ ಕಾಕನಕೋಟೆ ಖೆಡ್ಡಾದ ಊರೇ ಆಯಿತು. ಜೇನುಕುರುಬರು, ಬೆಟ್ಟಕುರುಬರು ತಮಟೆ, ಬೆಂಕಿ ಹಿಡಿದು ಹಿಂಡನ್ನು ಕಬಿನಿ ಹೊಳೆಗೆ ಇಳಿಸಿ ಆಚೆಯ ದೊಡ್ಡಿಗೆ ನುಗ್ಗಿಸಬೇಕು. ಪಳಗಿದ ಆನೆಗಳ ಮೇಲೆ ಕುಳಿತ ಮಾವುತರು ಒಳಗೆ ಹೋಗಿ ಹಗ್ಗ ಹಾಕಬೇಕು. ನೋಡಲು ಗಣ್ಯರಿಗೆ ಅಟ್ಟಣೆ ಬೇರೆ. ಹಿಡಿದ ಆನೆ ಅರಮನೆಗೆ, ಮರದ ಕೂಪಿಗೆ, ಉಳಿದದ್ದು ಮಾರಾಟಕ್ಕೆ. ಅದು ವ್ಯಾಪಾರ. ರೈತನ ಗದ್ದೆ ಉಳಿಸುವ ಯೋಚನೆ ಅದರಲ್ಲಿ ಎಷ್ಟಿತ್ತೋ ನನಗೆ ಅನುಮಾನ. 1971ರದ್ದೇ ಕೊನೆಯ ಖೆಡ್ಡಾ. ಮೂರೇ ವರ್ಷದಲ್ಲಿ ಕಬಿನಿ ಅಣೆಕಟ್ಟೆಯ ನೀರು ಆ ಜಾಗವನ್ನೂ ನುಂಗಿತು.

ನಮ್ಮ ತೋಟದ ಕಡೆಯ ಕಥೆಯೂ ನೀರಿನದೇ. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ನಿಂತಿತು. ಹಿನ್ನೀರು ಹರಡಿತು, ಮುಳುಗಡೆಯಾದವರಿಗೆ ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಜಮೀನು ಕೊಟ್ಟರು. ಆನೆಗೆ ಉಳಿದದ್ದು ತುಂಡು ತುಂಡು ಕಾಡು, ನಡುವೆ ತೋಟ. ತೋಟದಲ್ಲಿ ಅದಕ್ಕೇನು ಕಡಿಮೆ? ಹಲಸು, ಬೈನೆ, ಬಾಳೆ, ಬೇಸಿಗೆಯಲ್ಲೂ ಬತ್ತದ ಕೆರೆ, ಹಗಲು ಮಲಗಲು ನೆರಳು. ಕಾಡಿನಲ್ಲಿ ಮಾರ್ಚ್‌ನಲ್ಲಿ ಸಿಗದ್ದು ತೋಟದಲ್ಲಿ ವರ್ಷವಿಡೀ ಸಿಗುತ್ತದೆ.

ಬೆಳಗಿನ ಹಾಜರಿಗೆ ಮೊದಲು ಮೇಸ್ತ್ರಿ ಒಂದು ಸುತ್ತು ಹಾಕಿ ಬರುತ್ತಿದ್ದ. ಲದ್ದಿ ಸಿಕ್ಕಿದರೆ ಕೈಯಿಟ್ಟು ನೋಡುವುದು. ಬಿಸಿಯಿದ್ದರೆ ಆ ಬ್ಲಾಕಿಗೆ ಅಂದು ಆಳು ಕಳಿಸುವಂತಿಲ್ಲ. ಲದ್ದಿಯಲ್ಲಿ ಅರೆಯದೇ ಬಂದ ಕಾಫಿ ಬೀಜ ಇರುತ್ತಿತ್ತು, ಮಳೆ ಬಿದ್ದ ಮೇಲೆ ಅಲ್ಲೇ ಮೊಳಕೆ. ಸ್ಪ್ರಿಂಕ್ಲರ್ ಪೈಪು ಚಪ್ಪಟೆ, ಗೇಟು ಬೋರಲು. ಹಲಸನ್ನು ಮಿಡಿಯಲ್ಲೇ ಕೊಯ್ದು ಹಾಕಿಸುತ್ತಿದ್ದೆವು. ಇದೆಲ್ಲ ನಷ್ಟದ ಲೆಕ್ಕ, ಪುಸ್ತಕದಲ್ಲಿ ಬರೆಯಬಹುದು. ಮಂಜಿನಲ್ಲಿ ಲೈನ್ ಮನೆಯಿಂದ ಹೊರಟ ಹೆಂಗಸು ಆನೆಗೆ ಸಿಕ್ಕಿ ಸತ್ತರೆ ಯಾವ ಕಾಲಮ್ಮಿಗೆ ಹಾಕುವುದು? ಪರಿಹಾರದ ಚೆಕ್ಕು ಮನೆಯವರ ಕೈಗೆ ಬರುತ್ತದೆ ಅಷ್ಟೆ.

ಹಿಡಿಯುವುದನ್ನು ಇಲ್ಲೂ ಮಾಡಿ ನೋಡಿದ್ದಾಯಿತು. ಹೈಕೋರ್ಟ್ ನೇಮಿಸಿದ ಕರ್ನಾಟಕ ಆನೆ ಕಾರ್ಯಪಡೆ, ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ, 2012ರಲ್ಲಿ ವರದಿ ಕೊಟ್ಟಿತು. ಆಲೂರು ಸುತ್ತ ಆನೆಗೆ ಬದುಕುವಷ್ಟು ಕಾಡು ಉಳಿದಿಲ್ಲ, ಅಲ್ಲಿನವನ್ನು ತೆಗೆಯಬೇಕು ಎಂದಿತು. 2014ರ ಸುಮಾರಿಗೆ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಕೆಲವನ್ನು ಶಿಬಿರಕ್ಕೆ, ಕೆಲವನ್ನು ದೂರದ ಕಾಡಿಗೆ ಸಾಗಿಸಿದರು. ಜನ ನಿಟ್ಟುಸಿರು ಬಿಟ್ಟರು. ಕೆಲವೇ ವರ್ಷ, ಖಾಲಿ ಬಿದ್ದ ಜಾಗಕ್ಕೆ ಬೇರೆ ಹಿಂಡು ಬಂತು. ಹಲಸು, ಕೆರೆ ಹಾಗೇ ಇರುವಾಗ ಬಾರದೇ ಇರುತ್ತದೆಯೇ?

ನನ್ನ ಕಣ್ಣೆದುರು ಸಾವು ತಪ್ಪಿಸಿದ್ದು ಮೊಬೈಲು. ಹೆಣ್ಣಾನೆಗಳಿಗೆ ರೇಡಿಯೋ ಕಾಲರ್ ಹಾಕಿದರು. ಹಿಂಡು ಎಲ್ಲಿದೆ ಎಂದು ಎಸ್‌ಎಂಎಸ್, ಕನ್ನಡದಲ್ಲೇ ಧ್ವನಿ ಸಂದೇಶ ಬರತೊಡಗಿತು, ರಸ್ತೆ ಬದಿಯಲ್ಲಿ ಎಚ್ಚರಿಕೆಯ ದೀಪ. ಮೇಸ್ತ್ರಿ ಲದ್ದಿ ಮುಟ್ಟಿ ತಿಳಿಯುತ್ತಿದ್ದುದು ಹಾಜರಿಗೆ ಮೊದಲೇ ಫೋನಿಗೆ ಬಂತು. ಬೆಳೆ ಉಳಿಯಲಿಲ್ಲ, ಆಳು ಉಳಿದರು.

ಖೆಡ್ಡಾ ನಿಂತರೂ ಆನೆ ಹಿಡಿಯುವ ಕೆಲಸ ಇವತ್ತಿಗೂ ಪಳಗಿದ ಆನೆಯ ಬೆನ್ನ ಮೇಲೆಯೇ ನಡೆಯುತ್ತದೆ. 2023ರ ಡಿಸೆಂಬರ್ 4ರಂದು ಯಸಳೂರಿನಲ್ಲಿ ಇಂಥದೇ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಸೆಣಸಿ ಪಳಗಿದ ಆನೆ ಅರ್ಜುನ ಸತ್ತ. ಎಂಟು ಮೈಸೂರು ದಸರೆ ಸತತವಾಗಿ ಅಂಬಾರಿ ಹೊತ್ತವನು.

ನಮ್ಮ ಕೋಡಿಯ ದಂಡೆಯಲ್ಲಿ ಕಡಲಾಮೆ ಮೊಟ್ಟೆಯಿಟ್ಟರೆ ಅರಣ್ಯ ಇಲಾಖೆಯವರ ಜೊತೆ ಊರವರೂ ನಿಂತು ಕಾಯುತ್ತಾರೆ. ಆಮೆ ಯಾರನ್ನೂ ತುಳಿಯುವುದಿಲ್ಲ, ಹಾಗಾಗಿ ಅದು ಸುಲಭ. ಆನೆಗೆ ಬೇಕಾದದ್ದು ನೆಲ, ನೆಲಕ್ಕೆ ದುಡ್ಡು ಬೇಕು. ಕೊಳ್ಳೇಗಾಲದ ಎಡೆಯಾರಹಳ್ಳಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಸುಮಾರು 25 ಎಕರೆ ಕೊಂಡು ಆನೆದಾರಿಗೆಂದು 2009ರಲ್ಲಿ ಅರಣ್ಯ ಇಲಾಖೆಗೆ ಒಪ್ಪಿಸಿತು. ಸಕಲೇಶಪುರದ ಕಾಡಂಚಿನ ಹಲವು ಹಳ್ಳಿಗಳವರು, ನ್ಯಾಯವಾದ ಬೆಲೆ ಕೊಟ್ಟರೆ ನಾವೇ ಜಮೀನು ಬಿಟ್ಟು ಹೋಗುತ್ತೇವೆ ಎಂದು ವರ್ಷಗಳಿಂದ ಹೇಳುತ್ತಿದ್ದಾರೆ. ಸರ್ಕಾರ ಮೊದಲು ಅವರ ಲೆಕ್ಕ ಚುಕ್ತಾ ಮಾಡಲಿ. ಆನೆ ಹಿಡಿಯುವ ಮಾತು ಆಮೇಲೆ.