ವಿಕಲಚೇತನರ ನಾಯಕತ್ವ ಶಿಕ್ಷಣ: ಶಿಕ್ಷಣಾರ್ಥಿಗಳಲ್ಲಿನ ವೈವಿಧ್ಯವನ್ನು ಕುರಿತು ಒಂದು ವಿಚಾರ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಸೇರಿ ಪಾಂಡವಪುರದ ಕಂದಾಯ ಉಪವಿಭಾಗವಾಗಿದೆ. ಕೋಟೆ ಕೊತ್ತಲಗಳಿಂದಲೂ ಹೊಯ್ಸಳ ದೇವಾಲಯಗಳಿಂದಲೂ ಪ್ರಸಿದ್ಧವಾದ ಈ ಸೀಮೆಯ ಚರಿತ್ರೆಯನ್ನು ಬರೆದವರು ಅನೇಕರು. ಆದರೆ ಇಲ್ಲಿನ ವಿಕಲಚೇತನರು ಆ ಪುಟಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಕಾಣಿಸಿಕೊಂಡಾಗಲೂ ಅವರ ಮಾತು ಕೇಳಿಸುವುದಿಲ್ಲ. ಈಚಿನ ದಶಕಗಳಲ್ಲಿ ಅವರೊಳಗಿಂದಲೇ ಮುಂದಾಳುಗಳನ್ನು ಸಿದ್ಧಗೊಳಿಸುವ ಶಿಕ್ಷಣಕ್ರಮವೊಂದು ನಾಡಿನಲ್ಲಿ ಬೆಳೆದಿದೆ. ಆ ಶಿಕ್ಷಣಕ್ಕೆ ಬರುವವರಾರು, ಬಾರದೆ ಉಳಿಯುವವರಾರು ಎಂಬುದನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಹಳೆಯ ಉದಾಹರಣೆಯನ್ನು ನೋಡಬಹುದು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1792ರಲ್ಲಿ, ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಾ ಒಕ್ಕಲಿಗನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆ ಸ್ಥಿತಿಯಲ್ಲಿಯೇ ಅವನು ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಬೊಂಬಾಯಿ ಸೈನ್ಯವನ್ನು ಸೇರಿದನು. ಮುಂದೆ ಪುಣೆಯ ಕಡೆಯ ದೇಶೀ ಚಿಕಿತ್ಸಕನೊಬ್ಬನು ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕೂಡಿಸಿದನು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಈ ಸಂಗತಿ ಚಿತ್ರಸಮೇತ ಪ್ರಕಟವಾಗಿ ಯೂರೋಪಿನ ವೈದ್ಯರನ್ನು ಬೆರಗುಗೊಳಿಸಿತು. ಇದರಲ್ಲಿ ಗಮನಿಸಬೇಕಾದ ಅಂಶ ಎರಡು. ಒಂದು, ಆ ಮೂಗಿನ ಚರಿತ್ರೆ ಜಗತ್ಪ್ರಸಿದ್ಧವಾಯಿತೇ ಹೊರತು, ಕಳೆದುಹೋದ ಕೈಯನ್ನು ಕುರಿತು ಯಾರೂ ಚರ್ಚಿಸಲಿಲ್ಲ. ಎರಡು, ಆ ಬರಹದಲ್ಲಿ ಕಾವಸ್ಜಿಯು ಇತರರು ನೋಡಿದ ವಸ್ತುವೇ ಹೊರತು ತನ್ನ ಕಥೆಯನ್ನು ತಾನೇ ಹೇಳಿದವನಲ್ಲ. ವೈಕಲ್ಯಗಳಲ್ಲಿ ಕೆಲವು ಮಾತ್ರ ಲೋಕದ ಕಣ್ಣಿಗೆ ಬೀಳುವುದು, ವಿಕಲಚೇತನರ ಪರವಾಗಿ ಇತರರೇ ಮಾತನಾಡುವುದು, ಇವೆರಡೂ ಬಹುಕಾಲ ಮುಂದುವರಿದ ಸಂಪ್ರದಾಯಗಳೇ ಆದವು.

ಎರಡನೆಯ ಸಂಪ್ರದಾಯ ಮುರಿದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಅವರ ಸಂಗಡಿಗರು 1972ರಲ್ಲಿ ಸ್ವತಂತ್ರ ಜೀವನ ಕೇಂದ್ರವನ್ನು ತೆರೆದರು. 1980ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಸೇರಿದ ಪುನರ್ವಸತಿ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ, ಪ್ರತಿನಿಧಿಗಳಲ್ಲಿ ಅರ್ಧದಷ್ಟು ಮಂದಿ ವಿಕಲಚೇತನರೇ ಇರಬೇಕೆಂಬ ಬೇಡಿಕೆ ತಿರಸ್ಕೃತವಾಯಿತು. ಅದರ ಫಲವಾಗಿ ಮರುವರ್ಷ ಸಿಂಗಪುರದಲ್ಲಿ ಅವರದೇ ಆದ ಜಾಗತಿಕ ಸಂಘಟನೆ ಹುಟ್ಟಿತು. ವಿಶ್ವಸಂಸ್ಥೆಯು 1981ನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಸಾರಿದ್ದುದೂ ಇದೇ ಸಂದರ್ಭದಲ್ಲಿ.

ಹೀಗಿದ್ದರೂ ಮೊದಲನೆಯ ಸಂಪ್ರದಾಯ ಅಷ್ಟು ಸುಲಭವಾಗಿ ಅಳಿಯಲಿಲ್ಲ. ಅಂಧರೂ ಕಿವುಡರೂ ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡಿದ್ದರೆಂಬುದು ನಿಜ. ಆದರೆ ಎಲ್ಲ ಬಗೆಯವರ ಪರವಾಗಿ ಮುಂದೆ ನಿಂತವರಲ್ಲಿ, ಹೇಮಾ ಮತ್ತು ರಾಬರ್ಟ್ಸ್ ಅವರಂತೆ, ಪೋಲಿಯೋದಿಂದ ಪೀಡಿತರಾದವರ ಪಾತ್ರ ಹಿರಿದು. ಇದಕ್ಕೆ ಕಾರಣವುಂಟು. ಪೋಲಿಯೋ ಕೈಕಾಲುಗಳ ಬಲವನ್ನು ಕುಗ್ಗಿಸುವುದಾದರೂ ಮಾತನ್ನಾಗಲಿ ಬುದ್ಧಿಯನ್ನಾಗಲಿ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎತ್ತಿಕೊಂಡು ಶಾಲೆಗೆ ಸೇರಿಸುವವರಿದ್ದರೆ ಅಂಥ ಮಗು ಇತರ ಮಕ್ಕಳ ಪಾಠವನ್ನೇ ಕಲಿಯಬಲ್ಲುದು. ಮುಂದೆ ಸಭೆಯಲ್ಲಿ ನಿಂತು ವಾದಿಸಬಲ್ಲುದು. ಈ ತಲೆಮಾರು ಈಗ ಮುಗಿಯುತ್ತ ಬಂದಿದೆ. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಇನ್ನು ಮುಂದಿನ ನಾಯಕರು ಬೇರೆ ಬಗೆಯವರಿಂದ ಬರಬೇಕಾಗಿದೆ. ಶಿಕ್ಷಣಕ್ರಮವು ಅದಕ್ಕೆ ಸಿದ್ಧವಾಗಿದೆಯೇ ಎಂಬುದೇ ಪ್ರಶ್ನೆ.

ಶಾಸನವು ತನ್ನ ಪರಿಧಿಯನ್ನು ವಿಸ್ತರಿಸಿದೆ. 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. 2016ರ ಕಾಯಿದೆಯು 21 ಬಗೆಗಳನ್ನು ಹೆಸರಿಸಿದೆ. 2011ರ ಜನಗಣತಿಯಂತೆ ಭಾರತದ ವಿಕಲಚೇತನರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ. ದೇಶದ ಲೆಕ್ಕದಲ್ಲಿ ಚಲನೆಯ ತೊಂದರೆಯುಳ್ಳವರು ಶೇಕಡ 20ರಷ್ಟು ಮಾತ್ರ. ದೃಷ್ಟಿ ಮತ್ತು ಶ್ರವಣದ ತೊಂದರೆಯುಳ್ಳವರು ತಲಾ ಶೇಕಡ 19ರಷ್ಟು. ಒಂದಕ್ಕಿಂತ ಹೆಚ್ಚು ವೈಕಲ್ಯವುಳ್ಳವರು ಶೇಕಡ 8ರಷ್ಟು. ಆದ್ದರಿಂದ ಚಲನೆಯ ತೊಂದರೆಯುಳ್ಳವರು ಮಾತ್ರವೇ ತುಂಬಿರುವ ಶಿಬಿರವು ಐವರಲ್ಲಿ ಒಬ್ಬರ ಅನುಭವವನ್ನಷ್ಟೇ ಬಲ್ಲುದು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬಂದರೆ, ಇಂಥ ಶಿಕ್ಷಣದ ಮುಖ್ಯ ಪಾತ್ರಧಾರಿಗಳು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ರಾಜ್ಯ ಸರ್ಕಾರದ ಯೋಜನೆಯಂತೆ ಗ್ರಾಮ ಪಂಚಾಯಿತಿಗೊಬ್ಬರಂತೆ ನೇಮಕಗೊಳ್ಳುವ ಇವರು ಸ್ವತಃ ವಿಕಲಚೇತನರು. ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಉಂಟು. ಸೇವೆ ಪಡೆಯುವವನೇ ಸೇವೆಯನ್ನು ನಡೆಸುವವನಾಗಬೇಕೆಂಬ ಈ ತತ್ತ್ವ ಶ್ಲಾಘನೀಯವಾದುದು. ಆದರೆ ಈ ಕೆಲಸಕ್ಕೆ ಪ್ರೌಢಶಾಲೆಯವರೆಗಿನ ಓದು ಬೇಕು, ಮನೆಮನೆ ಸುತ್ತಬೇಕು, ಕಚೇರಿಗೆ ಬರೆದು ಕೊಡಬೇಕು. ಈ ಮೂರು ಬಾಗಿಲುಗಳೇ ಶಿಕ್ಷಣಾರ್ಥಿಗಳ ಪಟ್ಟಿಯನ್ನು ಅರ್ಧ ಬರೆದುಬಿಡುತ್ತವೆ. 2011ರಲ್ಲಿ ದೇಶದ ವಿಕಲಚೇತನ ಪುರುಷರಲ್ಲಿ ಶೇಕಡ 62ರಷ್ಟು ಮಂದಿ ಅಕ್ಷರಸ್ಥರಾಗಿದ್ದರೆ, ಸ್ತ್ರೀಯರಲ್ಲಿ ಶೇಕಡ 45ರಷ್ಟು ಮಂದಿ ಮಾತ್ರ ಅಕ್ಷರಸ್ಥರಾಗಿದ್ದರು. ಆಲೆಮನೆಯ ಗಾಣಕ್ಕೆ ಕೈ ಸಿಲುಕಿ ಬೆರಳು ಕಳೆದುಕೊಂಡ ಪಾಂಡವಪುರದ ಕೂಲಿಯಾಳು, ಸಂಜ್ಞಾಭಾಷೆಯನ್ನು ಎಂದೂ ಕಲಿಯದೆ ಬೆಳೆದ ನಾಗಮಂಗಲದ ಕಿವುಡ ಹೆಣ್ಣುಮಗಳು, ಬುದ್ಧಿಮಾಂದ್ಯವುಳ್ಳ ಮಗನನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ತಾಯಿ, ಇಂಥವರು ಈ ಬಾಗಿಲುಗಳ ಹೊರಗೇ ಉಳಿಯುವರು. ಜಾತಿ ಮತ್ತು ಬಡತನಗಳು ಇದರೊಡನೆ ಸೇರಿದಾಗ ಬಾಗಿಲು ಇನ್ನಷ್ಟು ಕಿರಿದಾಗುವುದೆಂದು ಹೇಳಬೇಕಾಗಿಲ್ಲ.

ಇದು ಕೇವಲ ತತ್ತ್ವದ ಮಾತಲ್ಲ. ಪಂಚಾಯಿತಿಗಳು ತಮ್ಮ ಸಂಪನ್ಮೂಲದ ಶೇಕಡ 5 ಭಾಗವನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮ ಕರ್ನಾಟಕದಲ್ಲಿದೆ. ಆ ಹಣದಿಂದ ತ್ರಿಚಕ್ರ ವಾಹನವನ್ನು ಕೊಳ್ಳಬೇಕೋ, ಕಿವುಡ ಮಗುವಿನ ಶಿಕ್ಷಣಕ್ಕೆ ನೆರವಾಗಬೇಕೋ ಎಂಬ ಮಾತು ಗ್ರಾಮಸಭೆಯಲ್ಲಿ ಎದ್ದಾಗ, ಅಲ್ಲಿ ಮಾತನಾಡಲು ತರಬೇತಾದವನು ಯಾರೋ ಅವನ ಅಗತ್ಯವೇ ಎಲ್ಲರ ಅಗತ್ಯವೆಂದು ದಾಖಲಾಗುವುದು. ಅವನಲ್ಲಿ ಸ್ವಾರ್ಥವಿದೆಯೆಂದು ಇದರ ಅರ್ಥವಲ್ಲ. ತಾನು ಕಾಣದ ಕಷ್ಟವನ್ನು ಯಾರೂ ಸಭೆಯ ಮುಂದಿಡಲಾರರು.

ಬಾಗಿಲನ್ನು ಅಗಲಿಸಲು ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಅಮೆರಿಕದ ಆರೆಗನ್ ಪ್ರಾಂತ್ಯದ ಯೂಜೀನ್ ನಗರದಲ್ಲಿ 1997ರಿಂದ ನಡೆದುಬಂದಿರುವ ನಾಯಕತ್ವ ಶಿಬಿರವೊಂದು ನಾನಾ ದೇಶಗಳ ವಿಕಲಚೇತನ ಸ್ತ್ರೀಯರಿಗೇ ಮೀಸಲಾಯಿತು. ಜಪಾನಿನಲ್ಲಿ ಡಸ್ಕಿನ್ ಪ್ರತಿಷ್ಠಾನವು ಏಷ್ಯದ ತರುಣ ವಿಕಲಚೇತನರಿಗಾಗಿ 1999ರಲ್ಲಿ ಆರಂಭಿಸಿದ ಶಿಕ್ಷಣದಲ್ಲಿ, ಮೊದಲ ಪಾಠ ಭಾಷೆಯದೇ: ಕಿವುಡ ಶಿಕ್ಷಣಾರ್ಥಿಗಳು ಜಪಾನಿ ಸಂಜ್ಞಾಭಾಷೆಯನ್ನು ಕಲಿಯುತ್ತಾರೆ. ಅಲ್ಲಿ ಭಾಷೆಯು ಪ್ರವೇಶದ ಅರ್ಹತೆಯಾಗದೆ ಶಿಕ್ಷಣದ ಅಂಗವಾಗಿದೆ ಎಂಬುದೇ ವಿಶೇಷ. ಅರ್ಹತೆಯೆಂದು ನಾವು ಬಾಗಿಲಲ್ಲಿ ಕೇಳುವುದನ್ನು ಒಳಗೆ ಕರೆದು ಕಲಿಸಬಹುದೆಂಬ ಈ ಸರಳ ತತ್ತ್ವ ನಮ್ಮ ತಾಲ್ಲೂಕುಗಳಿಗೂ ಅನ್ವಯಿಸತಕ್ಕದ್ದು.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕೆಲಸವಿದೆ. ಶಿಬಿರಗಳ ಹಾಜರಿ ಪುಸ್ತಕಗಳೂ ಗ್ರಾಮಸಭೆಯ ನಡವಳಿಗಳೂ ಶಾಸನಗಳಷ್ಟೇ ಮುಖ್ಯವಾದ ಆಧಾರಗಳು. ಅವುಗಳಲ್ಲಿರುವ ಹೆಸರುಗಳನ್ನು ಎಣಿಸುವುದರೊಂದಿಗೆ ಇಲ್ಲದ ಹೆಸರುಗಳನ್ನೂ ಹುಡುಕಬೇಕು. ಪೋಲಿಯೋ ತಲೆಮಾರಿನ ಹಿರಿಯರ ನೆನಪುಗಳನ್ನು ಅವರಿರುವಾಗಲೇ ಬರೆದಿಡಬೇಕು. ಕಾವಸ್ಜಿಯ ಮೂಗನ್ನು ಕುರಿತು ಬರೆದವರು ಅವನ ಕೈಯನ್ನು ಮರೆತರು. ಆ ಮರೆವು ಈ ಸೀಮೆಯಲ್ಲಿ ಮತ್ತೆ ದಾಖಲಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆಯೂ ಆಗಿದೆ.