ಮಡಿಕೇರಿಯ ತಾಮ್ರಶಾಸನ: ಕೂಟಶಾಸನವೊಂದು ನಂಬಿಕೆಯಾದ ಬಗೆ

ಕೊಡಗಿನ ಶಾಸನಗಳಲ್ಲಿ ಅತಿ ಹೆಚ್ಚು ಹೆಸರಾದದ್ದು, ಅತಿ ಹೆಚ್ಚು ಸಂಶಯಕ್ಕೆ ಗುರಿಯಾದದ್ದು ಒಂದೇ: ಮಡಿಕೇರಿಯ ಖಜಾನೆಯಲ್ಲಿದ್ದ ಗಂಗ ಅವಿನೀತನ ತಾಮ್ರಪಟ. ಇದನ್ನು ಬಿ.ಎಲ್. ರೈಸ್ ಅವರು 1872ರಲ್ಲಿ ವಿದ್ವತ್‌ಲೋಕಕ್ಕೆ ಪರಿಚಯಿಸಿದರು. 1886ರ ಕೊಡಗಿನ ಶಾಸನಸಂಪುಟದಲ್ಲಿ ಮೊದಲನೆಯ ಸ್ಥಾನ ಕೊಟ್ಟರು. ಶಾಸನ ತನ್ನ ಕಾಲವನ್ನು 388ನೆಯ ವರ್ಷವೆಂದು ಹೇಳಿಕೊಳ್ಳುತ್ತದೆ. ಶಕವರ್ಷವೆಂದು ಹಿಡಿದರೆ ಅದು ಕ್ರಿ.ಶ. 466. ತಳವನನಗರದ, ಎಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಎಂಬ ಗ್ರಾಮವನ್ನು ದತ್ತಿ ಬಿಟ್ಟದ್ದು ಇದರ ವಿಷಯ. ದಾನ ಪಡೆದವರು ಕೊಂಡಕುಂದಾನ್ವಯದ ದೇಶಿಗ ಗಣದ ಚಂದಣಂದಿ ಭಟಾರರು.

ಈ ತೇದಿ ನಿಜವಾಗಿದ್ದರೆ ಅದರ ಬೆಲೆ ದೊಡ್ಡದು. ಶಾಸನದಲ್ಲಿ ಆರು ಮಂದಿ ಗುರುಗಳ ಪರಂಪರೆಯಿದೆ. ತಲೆಮಾರೊಂದಕ್ಕೆ ಇಪ್ಪತ್ತೈದು ವರ್ಷ ಹಿಡಿದರೆ 466ಕ್ಕಿಂತ ನೂರೈವತ್ತು ವರ್ಷ ಹಿಂದೆಯೇ ಕೊಂಡಕುಂದಾನ್ವಯ ನೆಲೆಗೊಂಡಿತ್ತೆಂದಾಗುತ್ತದೆ. ಆಚಾರ್ಯ ಕುಂದಕುಂದರು ಅದಕ್ಕೂ ಹಿಂದಿನವರಾಗುತ್ತಾರೆ. 1935ರ ಪ್ರವಚನಸಾರದ ಪೀಠಿಕೆಯಲ್ಲಿ ಆ.ನೇ. ಉಪಾಧ್ಯೆಯವರು ಕುಂದಕುಂದರ ಕಾಲವನ್ನು ಚರ್ಚಿಸುವಾಗ ಈ ಶಾಸನವನ್ನೂ ಪರಿಗಣಿಸಿದ್ದಾರೆ. ಕೊನೆಯ ಭಾಗ ಕನ್ನಡದಲ್ಲಿರುವುದರಿಂದ ಕನ್ನಡದ ಪ್ರಾಚೀನತೆಯನ್ನು ಸಾರುವವರಿಗೂ ಇದು ಪ್ರಿಯವಾಯಿತು. ಗಂಗರ ಆದಿಚರಿತ್ರೆ ಬರೆಯುವವರಿಗೆ ನಿಶ್ಚಿತ ವರ್ಷವೊಂದು ದೊರೆಯಿತು. ಕೊಡಗಿನವರಿಗೆ ತಮ್ಮ ನಾಡಿನ ಶಾಸನಗಳ ಸಾಲಿಗೆ ಐದನೆಯ ಶತಮಾನದ ಆರಂಭ ಸಿಕ್ಕಿತು. ಒಂದೇ ಪಟ ನಾಲ್ಕು ಬಗೆಯ ಅಭಿಮಾನಗಳಿಗೆ ಆಧಾರವಾದದ್ದು ಹೀಗೆ.

ಆದರೆ ಶಾಸನದೊಳಗೇ ಅದಕ್ಕೆ ವಿರುದ್ಧವಾದ ಸಾಕ್ಷ್ಯವಿದೆ. ಇಲ್ಲಿ ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿಯ ಉಲ್ಲೇಖ ಬರುತ್ತದೆ. ಅಕಾಲವರ್ಷ ಎಂಬುದು ಕೃಷ್ಣನೆಂಬ ಹೆಸರಿನ ರಾಷ್ಟ್ರಕೂಟ ಅರಸರ ಬಿರುದು. ದಂತಿದುರ್ಗನಿಂದ ಆ ವಂಶ ಸಾಮ್ರಾಜ್ಯವಾಗಿ ತಲೆಯೆತ್ತಿದ್ದು ಎಂಟನೆಯ ಶತಮಾನದ ನಡುವಿನಲ್ಲಿ. 466ರಲ್ಲಿ ಬರೆದವನಿಗೆ ಆ ಬಿರುದು ತಿಳಿದಿರಲು ಸಾಧ್ಯವಿಲ್ಲ. ಲಿಪಿಯೂ ಹೇಳಿಕೊಂಡ ಕಾಲಕ್ಕಿಂತ ಬಹಳ ಈಚಿನದು. ಜೆ.ಎಫ್. ಫ್ಲೀಟ್ ಅವರು ಇದನ್ನು ಕೂಟಶಾಸನವೆಂದು ತೀರ್ಮಾನಿಸಿದ್ದು ಇಂಥ ಕಾರಣಗಳಿಂದ. ತಿಥಿಯಲ್ಲಿಯೂ ತೊಡಕಿದೆ. ಮಾಘ ಶುದ್ಧ ಪಂಚಮಿಯಂದು ಚಂದ್ರನು ರೇವತಿಯ ಆಸುಪಾಸಿನಲ್ಲಿರಬೇಕು. ಶಾಸನ ಸ್ವಾತಿ ನಕ್ಷತ್ರವೆನ್ನುತ್ತದೆ. ಆದರೆ ಸ್ವಾತಿ ಮಾಘ ಬಹುಳ ಪಂಚಮಿಗೆ ಹೊಂದುತ್ತದೆಯಾದ್ದರಿಂದ ಇದನ್ನು ಲಿಪಿಕಾರನ ಕೈತಪ್ಪೆಂದು ಬಿಡಬಹುದು. ಬಿರುದಿನ ವಿಷಯದಲ್ಲಿ ಅಂಥ ವಿನಾಯಿತಿಗೆ ಎಡೆಯಿಲ್ಲ.

ಇನ್ನೊಂದು ಶಾಸನವನ್ನು ಪಕ್ಕದಲ್ಲಿಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಶಕ 730ರಲ್ಲಿ, ಎಂದರೆ ಕ್ರಿ.ಶ. 808ರ ಸುಮಾರಿಗೆ, ರಾಷ್ಟ್ರಕೂಟ ರಾಜಪುತ್ರ ರಣಾವಲೋಕ ಕಂಭರಾಜನು ಅದೇ ತಳವನನಗರದ ಶ್ರೀವಿಜಯ ಬಸದಿಗೆ ಅದೇ ಬದಣೆಗುಪ್ಪೆಯನ್ನು ಕೊಂಡಕುಂದಾನ್ವಯದ ವರ್ಧಮಾನಗುರುವಿನ ಕೈಗೆ ದಾನ ಕೊಟ್ಟಿದ್ದಾನೆ. 466ರಿಂದಲೇ ಊರು ಬಸದಿಯದಾಗಿದ್ದರೆ 808ರಲ್ಲಿ ಅದನ್ನು ಮತ್ತೆ ಕೊಡುವ ಪ್ರಸಂಗವೇಕೆ ಬಂತು? ನಿಜವಾದ ದತ್ತಿಯೊಂದನ್ನು ಹೊಂದಿದ್ದವರು ಮುಂದೆ ಎಂದೋ, ಭೂಮಿಯ ಹಕ್ಕು ಅಲುಗಾಡಿದಾಗ, ಅದಕ್ಕೆ ಹಳೆಯ ಗಂಗದೊರೆಯ ಹೆಸರನ್ನು ಸೇರಿಸಿ ಹೊಸ ಪಟ ಬರೆಸಿರುವ ಸಂಭವವೇ ಹೆಚ್ಚು. ಇದು ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಚಾಳಿಯಲ್ಲ. ರೋಮಿನ ಪೋಪರಿಗೆ ಪಶ್ಚಿಮ ಸಾಮ್ರಾಜ್ಯವನ್ನೇ ದಾನವಿತ್ತಿತೆನ್ನಲಾದ ಕಾನ್‌ಸ್ಟಂಟೈನ್ ದೊರೆಯ ದಾನಪತ್ರವನ್ನು ಲೊರೆಂಜೊ ವಲ್ಲಾ 1440ರಲ್ಲಿ ಸುಳ್ಳೆಂದು ತೋರಿಸಿದ್ದೂ ಆ ಕಾಲಕ್ಕೆ ಸಲ್ಲದ ಪದಗಳನ್ನು ಹಿಡಿದೇ.

ಕೂಟಶಾಸನ ಬರೆಸಿದವನ ಉದ್ದೇಶ ಭೂಮಿ. ಇಂದು ಅದನ್ನು ನಂಬುವವರ ಉದ್ದೇಶ ಹಿರಿಮೆ. ಪ್ರಾಚೀನತೆಯೇ ಶ್ರೇಷ್ಠತೆ ಎಂಬ ಭಾವನೆ ಇಬ್ಬರಲ್ಲಿಯೂ ಸಮಾನ. ನಿಶ್ಚಿತವಾದ ಒಂದು ಇಸವಿ, "ಇರಬಹುದು" ಎಂಬ ಹತ್ತು ವಾಕ್ಯಗಳಿಗಿಂತ ಹೆಚ್ಚು ನೆಮ್ಮದಿ ಕೊಡುತ್ತದೆ. ಒಮ್ಮೆ ಪುಸ್ತಕಕ್ಕೆ ಸೇರಿದ ಇಸವಿಯನ್ನು ಮುಂದಿನ ಪುಸ್ತಕ ಪರೀಕ್ಷಿಸದೆ ಎತ್ತಿಕೊಳ್ಳುತ್ತದೆ. ಹತ್ತು ಕಡೆ ಕಂಡದ್ದು ಹತ್ತು ಸಾಕ್ಷ್ಯಗಳಂತೆ ತೋರುತ್ತದೆ, ಮೂಲ ಮಾತ್ರ ಒಂದೇ. ಇದಲ್ಲದೆ, ಸಂಶಯಿಸಿದವನು ಪರಂಪರೆಯ ವೈರಿ ಎಂಬ ಅಂಜಿಕೆಯೂ ಹಲವರ ಬಾಯಿ ಕಟ್ಟುತ್ತದೆ.

ಶಾಸನ ಕೂಟವೆಂದಮಾತ್ರಕ್ಕೆ ಕುಂದಕುಂದರು ಈಚಿನವರೆಂದು ಸಿದ್ಧವಾಗುವುದಿಲ್ಲ. ಎಂ.ಎ. ಢಾಕಿಯವರು ಅವರನ್ನು ಎಂಟನೆಯ ಶತಮಾನಕ್ಕೆ ತಂದಿದ್ದಾರೆ. ಆ ಮತಕ್ಕೂ ಅದರ ವಿರೋಧಕ್ಕೂ ಬೇರೆ ಆಧಾರಗಳ ಮೇಲೆಯೇ ಚರ್ಚೆ ನಡೆಯಬೇಕು. ಮಡಿಕೇರಿಯ ಪಟವನ್ನು ತೆಗೆದಿಟ್ಟರೆ ಬೀಳುವುದು ಒಂದು ಆಧಾರ ಮಾತ್ರ, ಸಮಯಸಾರದ ಬೆಲೆಯಲ್ಲ. ಪಟವೂ ನಿರರ್ಥಕವಲ್ಲ. ಅದು ಐದನೆಯ ಶತಮಾನಕ್ಕೆ ಸಾಕ್ಷಿಯಲ್ಲದಿದ್ದರೂ, ಅದನ್ನು ಬರೆಸಿದ ಕಾಲದ ಜೈನ ಸಂಘದ ನೆನಪು, ಗಣ ಅನ್ವಯಗಳ ಕಲ್ಪನೆ, ಭೂಮಿಯ ಆತಂಕ ಇವುಗಳಿಗೆ ನೇರ ಸಾಕ್ಷಿ.

ಕೊಡಗಿನ ಜೈನ ಚರಿತ್ರೆಗೆ ಈ ಪಟದ ಹಂಗೂ ಬೇಕಾಗಿಲ್ಲ. ಬಿಳಿಯೂರಿನಲ್ಲಿ ಶಕ 809ರ ಗಂಗ ಶಾಸನ ಸತ್ಯವಾಕ್ಯ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಪೆಗ್ಗೂರಿನ ಶಕ 899ರ ಶಾಸನ ಬೆಳ್ಗೊಳದ ಅನಂತವೀರ್ಯರನ್ನು ಸ್ಮರಿಸುತ್ತದೆ. ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳು ಇಂದಿಗೂ ನಿಂತಿವೆ. ಅಲ್ಲಿನ ಹನ್ನೊಂದನೆಯ ಶತಮಾನದ ಬರಹಗಳಲ್ಲಿ ರಾಣಿ ಪೋಚಬ್ಬರಸಿ, ಆಕೆಯ ಗುರು ಗುಣಸೇನ ಪಂಡಿತರ ಹೆಸರುಗಳಿವೆ. ಇವು ಕಲ್ಲಿನಲ್ಲಿ, ಕೊಡಗಿನ ನೆಲದಲ್ಲೇ ಇರುವ ದಾಖಲೆಗಳು. ತಲಕಾಡಿನ ಬಸದಿಗೆ ಚಾಮರಾಜನಗರದ ಕಡೆಯ ಊರೊಂದನ್ನು ಕೊಟ್ಟೆನೆನ್ನುವ ಪಟಕ್ಕೆ 466 ಎಂಬ ಇಸವಿಯ ಬಲದಿಂದ ಬಂದ ಪ್ರಸಿದ್ಧಿಯ ಮುಂದೆ ಇವು ಮರೆಯಲ್ಲಿ ಉಳಿದಿವೆ. ಸುಳ್ಳು ಇತಿಹಾಸದ ದೊಡ್ಡ ಹಾನಿ ಇದೇ: ಅದು ಇಲ್ಲದ್ದನ್ನು ಸೇರಿಸುವುದಕ್ಕಿಂತ ಹೆಚ್ಚಾಗಿ, ಇದ್ದದ್ದನ್ನು ನೋಡದಂತೆ ಮಾಡುತ್ತದೆ.