ಮುಟ್ಟಿನ ನೋವು: ಕೇಳದೆ ಕೊಟ್ಟ ಮದ್ದು

ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಚೀಲ; ಅದಿಲ್ಲದ ಮನೆಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಬಿಸಿ ಇಟ್ಟಿಗೆ. ಮುಟ್ಟಿನ ನೋವಿಗೆ ನಮ್ಮ ಅಜ್ಜಿಯಂದಿರು ಬಲ್ಲ ಉಪಾಯವಿದು. ಯುನಾನಿ ವೈದ್ಯ ಪದ್ಧತಿಯಲ್ಲೂ ಶಾಖ ಕೊಡುವುದು, ಸೊಂಟದವರೆಗೆ ಬೆಚ್ಚನೆಯ ನೀರಿನಲ್ಲಿ ಕುಳ್ಳಿರಿಸುವುದು ಹಳೆಯ ಚಿಕಿತ್ಸೆಗಳೇ. ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹೆಸರಾಂತ ವೈದ್ಯರೊಬ್ಬರು ಹೇಳಿದ ಮದ್ದೇ ಬೇರೆ: ವಿಶ್ರಾಂತಿ. ಕೇಳಲು ಹಿತವಾದ ಈ ಮಾತು ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚುವ ನೆಪವಾಯಿತು.

1873ರಲ್ಲಿ ಬೋಸ್ಟನ್ನಿನ ಡಾ. ಎಡ್ವರ್ಡ್ ಕ್ಲಾರ್ಕ್ ಒಂದು ಪುಸ್ತಕ ಬರೆದರು. ಮುಟ್ಟಿನ ದಿನಗಳಲ್ಲೂ ಹುಡುಗಿಯರು ಹುಡುಗರಂತೆ ಓದಿದರೆ ಗರ್ಭಕೋಶಕ್ಕೆ ಸಲ್ಲಬೇಕಾದ ಶಕ್ತಿ ಮೆದುಳಿಗೆ ಹೋಗಿ ಅವರು ರೋಗಿಗಳಾಗುತ್ತಾರೆ ಎಂಬುದು ಅವರ ವಾದ. ಆಧಾರವಾಗಿ ಕೊಟ್ಟದ್ದು ಬೆರಳೆಣಿಕೆಯ ರೋಗಿಗಳ ಕಥೆಗಳನ್ನು. ಆದರೂ ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು.

ಇದಕ್ಕೆ ಉತ್ತರ ಕೊಟ್ಟವರು ನ್ಯೂಯಾರ್ಕಿನ ವೈದ್ಯೆ ಮೇರಿ ಪಟ್ನಮ್ ಜಾಕೋಬಿ. ಅವರು ಮಾಡಿದ್ದು ಸರಳ ಕೆಲಸ, ಹೆಂಗಸರನ್ನೇ ಕೇಳಿದರು. ಪ್ರಶ್ನಾವಳಿಗೆ 268 ಮಂದಿ ಉತ್ತರಿಸಿದರು. ಕೆಲವರ ನಾಡಿಯನ್ನು ಯಂತ್ರದಿಂದ ಅಳೆದೂ ನೋಡಿದರು. ನೋವು ಇರುವುದನ್ನು ಜಾಕೋಬಿ ಅಲ್ಲಗಳೆಯಲಿಲ್ಲ. ಆದರೆ ಆರೋಗ್ಯವಂತ ಹೆಣ್ಣು ಮುಟ್ಟಾದ ಮಾತ್ರಕ್ಕೆ ಕೆಲಸ, ಓದು ಬಿಡಬೇಕಾಗಿಲ್ಲ ಎಂದು ತೋರಿಸಿಕೊಟ್ಟರು. ಹೆಸರು ತಿಳಿಸದೆ ಕಳುಹಿಸಿದ ಆ ಪ್ರಬಂಧಕ್ಕೆ 1876ರಲ್ಲಿ ಹಾರ್ವರ್ಡ್‌ನ ಬಾಯ್ಲ್‌ಸ್ಟನ್ ಬಹುಮಾನ ಬಂತು. ಅದೇ ಹಾರ್ವರ್ಡ್‌ನ ವೈದ್ಯಕೀಯ ಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1945ರಲ್ಲಿ!

ಮುಂದಿನ ಹೆಜ್ಜೆ ಇಟ್ಟವರು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಲೀಲಿಯಾ ಮೋಶರ್. ಹೆಂಗಸರ ಉಸಿರಾಟ ಎದೆಯಲ್ಲೇ ನಿಲ್ಲುವುದು ಹುಟ್ಟುಗುಣವಲ್ಲ, ಸೊಂಟ ಬಿಗಿಯುವ ಕಾರ್ಸೆಟ್ ಉಡುಪಿನ ಫಲ ಎಂದು 1890ರ ದಶಕದಲ್ಲಿ ಅವರು ತೋರಿಸಿದರು. ಮುಟ್ಟಿನ ನೋವಿಗೂ ಬಿಗಿ ಉಡುಪು, ಚಟುವಟಿಕೆಯಿಲ್ಲದ ಬದುಕು ಕಾರಣವೆಂದು ಬಗೆದು ಒಂದು ವ್ಯಾಯಾಮ ರೂಪಿಸಿದರು. ಬಟ್ಟೆ ಸಡಿಲಿಸಿ, ಮಂಡಿ ಮಡಚಿ ಅಂಗಾತ ಮಲಗಿ, ಹೊಟ್ಟೆ ಏರಿಳಿಯುವಂತೆ ನಿಧಾನವಾಗಿ ಉಸಿರಾಡುವುದು. ವಿದ್ಯಾರ್ಥಿನಿಯರು ಅದನ್ನು ‘ಮೋಶರ್’ ಎಂದೇ ಕರೆದರು.

ನೋವಿನ ಮೂಲ ಸ್ಪಷ್ಟವಾದದ್ದು ಆಮೇಲೆ. ಗರ್ಭಕೋಶದ ಸ್ನಾಯುಗಳನ್ನು ಹಿಂಡುವ ವಸ್ತುವೊಂದು ಮುಟ್ಟಿನ ಸ್ರಾವದಲ್ಲಿದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಪಿಕಲ್ಸ್ 1957ರಲ್ಲಿ ವರದಿ ಮಾಡಿದರು. ಅದು ಪ್ರೋಸ್ಟಗ್ಲ್ಯಾಂಡಿನ್ ಎಂದು ನಂತರ ತಿಳಿಯಿತು. ಸ್ನಾಯು ಬಿಗಿದು ರಕ್ತಸಂಚಾರ ತಗ್ಗಿದಾಗ ನೋವು ಬರುತ್ತದೆ. ಶಾಖವು ಆ ಬಿಗಿತವನ್ನು ಸಡಿಲಿಸುತ್ತದೆ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೊಟ್ಟೆಗೆ ಸುಮಾರು 39 ಡಿಗ್ರಿ ಶಾಖ ಕೊಡುವ ಪಟ್ಟಿ ಐಬುಪ್ರೊಫೇನ್ ಮಾತ್ರೆಯಷ್ಟೇ ಉಪಶಮನ ನೀಡಿತು. ಅಜ್ಜಿಯ ಇಟ್ಟಿಗೆಗೆ ಪ್ರಯೋಗಶಾಲೆಯ ಮುದ್ರೆ ಬಿದ್ದಂತಾಯಿತು. ವ್ಯಾಯಾಮದಿಂದ ನೋವು ತಗ್ಗಬಹುದೆಂದು 2019ರ ಕಾಕ್ರೇನ್ ವಿಮರ್ಶೆಯೂ ಹೇಳಿತು. ಲಭ್ಯ ಪುರಾವೆ ಅಷ್ಟು ಬಲವಾದುದಲ್ಲ ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಹಾಗೆಂದು ಎಲ್ಲ ನೋವೂ ಶಾಖಕ್ಕೆ ಬಗ್ಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಹೆಚ್ಚುವ, ದಿನಚರಿಯನ್ನೇ ಕೆಡಿಸುವ ನೋವಿನ ಹಿಂದೆ ಎಂಡೊಮೆಟ್ರಿಯೋಸಿಸ್‌ನಂತಹ ರೋಗವಿರಬಹುದು. ವೈದ್ಯರಿಗೆ ತೋರಿಸಲೇಬೇಕು. ವಿಶ್ರಾಂತಿ ಬೇಕೆನಿಸಿದವಳು ಮಲಗಲಿ, ಅದರಲ್ಲಿ ತಪ್ಪೇನೂ ಇಲ್ಲ. ಕ್ಲಾರ್ಕ್ ಎಡವಿದ್ದು, ನೋವುಣ್ಣುವವಳನ್ನು ಕೇಳದೆಯೇ ಅವಳ ಪರವಾಗಿ ತೀರ್ಮಾನಿಸಿದ್ದರಲ್ಲಿ. ನಮ್ಮ ಮನೆಗಳಲ್ಲಿ “ಎಲ್ಲರಿಗೂ ಬರುವುದೇ, ಸಹಿಸಿಕೋ” ಎನ್ನುವವರೂ, “ಇನ್ನು ಶಾಲೆ ಸಾಕು” ಎನ್ನುವವರೂ ಇಂದಿಗೂ ಮಾಡುತ್ತಿರುವುದು ಅದೇ ತಪ್ಪನ್ನು.